ತೊಟ್ಟಿಯ ಮೋಡ, ಹೊಳೆದಂಡೆಯ ಮೋಡ

ಮುಂಗಾರಿನ ಮೊದಲ ಮಳೆ ಬಿದ್ದು, ಎರೆಹೊಲಗಳಲ್ಲಿ ಮೆಕ್ಕೆಜೋಳದ ಬಿತ್ತನೆ ಮುಗಿದು, ದಾವಣಗೆರೆಯ ಸೀಮೆಯೆಲ್ಲ ಮುಂದಿನ ಹದಮಳೆಗಾಗಿ ಪಡುವಣ ದಿಕ್ಕಿಗೆ ಮುಖಮಾಡಿ ನಿಂತಿರುವ ಆಷಾಢದ ಮಧ್ಯಾಹ್ನಗಳಲ್ಲಿ, ಹರಿಹರದ ತುಂಗಭದ್ರೆಯ ದಂಡೆಯಿಂದ ಆಕಾಶವನ್ನು ನೋಡಿದವರಿಗೆ ಒಂದು ದೃಶ್ಯವು ಸುಪರಿಚಿತವಾಗಿರುತ್ತದೆ: ಬುಡ ಚಪ್ಪಟೆಯಾಗಿ, ನೆತ್ತಿ ಹಿಂಜಿದ ಅರಳೆಯಂತೆ ಉಬ್ಬಿದ ಸಣ್ಣ ರಾಶಿಮೋಡಗಳು ಒಂದರ ಹಿಂದೊಂದು ಹುಟ್ಟಿ, ಗಾಳಿಯೊಡನೆ ಓಡುತ್ತ, ಒಂದು ಗಳಿಗೆ ಬಾಳುವಷ್ಟರಲ್ಲಿಯೇ ಹನಿಯುದುರಿಸದೆ ಕರಗಿಹೋಗುತ್ತವೆ. ಹೆಚ್ಚು ಎತ್ತರಕ್ಕೇರದ ಈ ಕ್ಯುಮುಲಸ್ ಮೋಡವನ್ನು ಪ್ರಯೋಗಶಾಲೆಯಲ್ಲಿಯೂ ಗಣಕಯಂತ್ರದಲ್ಲಿಯೂ ಮರುಸೃಷ್ಟಿಸಿ, ಆ ಅನುಕೃತಿಯನ್ನು ಆಕಾಶದ ಮೋಡದೊಡನೆ ಹೋಲಿಸಿ ನೋಡುವ ವಿದ್ಯೆಯೊಂದು ಬೆಳೆದುಬಂದಿದೆ. ಆ ಹೋಲಿಕೆಯ ಬೆಲೆ ಎಷ್ಟೆಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಇಂಥ ಮೋಡವು ಅಲ್ಪಾಯುವಾಗುವುದಕ್ಕೆ ಮುಖ್ಯ ಕಾರಣ, ಅದು ಮೇಲೇರುತ್ತ ಸುತ್ತಲಿನ ಒಣಗಾಳಿಯನ್ನು ತನ್ನೊಳಕ್ಕೆ ಸೆಳೆದುಕೊಂಡು ತನ್ನ ಹನಿಗಳನ್ನು ತಾನೇ ಆರಿಸಿಕೊಳ್ಳುವುದು; ಹೆನ್ರಿ ಸ್ಟಾಮೆಲ್ ಎಂಬ ವಿದ್ವಾಂಸನು ಈ ಒಳಸೆಳೆತವನ್ನು 1947ರಲ್ಲಿಯೇ ವಿವೇಚಿಸಿದ್ದನು. ಆದರೆ ಹೊಗೆಕೊಳವೆಯ ಹೊಗೆಗೆ ಒಪ್ಪುವ ಒಳಸೆಳೆತದ ನಿಯಮವು ಮೋಡಕ್ಕೆ ಏಕೆ ಒಪ್ಪುವುದಿಲ್ಲವೆಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ, ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ರೊದ್ದಂ ನರಸಿಂಹ ಅವರೂ ಅವರ ಸಹೋದ್ಯೋಗಿಗಳೂ ಒಂದು ನೀರಿನ ತೊಟ್ಟಿಯಲ್ಲಿ ಉತ್ತರವನ್ನು ಅರಸಿ, ಫಲಿತವನ್ನು 2011ರಲ್ಲಿ ಪ್ರಕಟಿಸಿದರು. ವಿದ್ಯುದ್ವಾಹಕವಾಗುವಂತೆ ಹದಗೊಳಿಸಿದ ಬಿಸಿನೀರಿನ ಧಾರೆಯನ್ನು ತಳದಿಂದ ಮೇಲಕ್ಕೆ ಬಿಟ್ಟು, ನಡುವಣ ಒಂದು ಎತ್ತರದಲ್ಲಿ ವಿದ್ಯುತ್ತನ್ನು ಹಾಯಿಸಿ ಆ ಧಾರೆಯನ್ನಷ್ಟೇ ಮತ್ತೆ ಕಾಯಿಸುವುದು ಅವರ ಉಪಾಯ. ಆವಿಯು ಹನಿಯಾಗುವಾಗ ಮೋಡದೊಳಗೆ ಬಿಡುಗಡೆಯಾಗುವ ಸುಪ್ತೋಷ್ಣಕ್ಕೆ ಈ ಕಾವೇ ಪ್ರತಿನಿಧಿ.

ಆ ತೊಟ್ಟಿಯಲ್ಲಿ ಅರಳಿದ ಆಕೃತಿಗಳು ನಿಜವಾದ ಮೋಡಗಳನ್ನು ಬೆರಗಾಗುವಷ್ಟು ಹೋಲುತ್ತವೆ; ಆದರೂ ರೂಪಸಾದೃಶ್ಯವೊಂದರಿಂದಲೇ ಈ ಕೃತಿಯು ದೊಡ್ಡದೆನ್ನಿಸಿಕೊಳ್ಳಲಾರದು. ಒಳಗಿನ ಕಾವು ಧಾರೆಯ ದೊಡ್ಡ ಸುಳಿಗಳನ್ನು ಒಡೆದು ಒಳಸೆಳೆತದ ಪರಿಯನ್ನೇ ಬದಲಿಸುತ್ತದೆಂಬ ಕಾರಣಸಂಬಂಧವನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದೇ ಅದರ ಹಿರಿಮೆ. ಕೊರತೆಯನ್ನೂ ಹೇಳಬೇಕು. ವಿದ್ಯುತ್ತು ಕಾಯಿಸಬಲ್ಲದು, ತಣಿಸಲಾರದು. ಮೋಡದ ಅಂಚಿನಲ್ಲಿ ಹನಿಗಳು ಆರಿ ಗಾಳಿಯು ತಂಪಾಗಿ ಕೆಳಗಿಳಿಯುವ ಕ್ರಿಯೆಗೆ ಆ ತೊಟ್ಟಿಯಲ್ಲಿ ಎಡೆಯಿಲ್ಲ. ಗಾತ್ರದಲ್ಲಿ ಸಣ್ಣದಾದ ನಮ್ಮ ಹೊಳೆದಂಡೆಯ ಮೋಡಕ್ಕಾದರೋ ಅಂಚೇ ಬಹುಭಾಗ.

ಗಣಕಯಂತ್ರದ ಅನುಕೃತಿಗಳ ತೊಡಕು ಬೇರೆ ಬಗೆಯದು. 2004–05ರ ಚಳಿಗಾಲದಲ್ಲಿ ಕೆರಿಬಿಯನ್ನಿನ ಆಂಟಿಗುವಾ, ಬಾರ್ಬುಡಾ ದ್ವೀಪಗಳ ಬಳಿ ನಡೆದ ‘ರೈಕೊ’ ವೀಕ್ಷಣೆಯ ಅಳತೆಗಳೊಡನೆ 12 ಅನುಕೃತಿಗಳನ್ನು ಹೋಲಿಸಿದ ಪ್ರಬಂಧವು 2011ರಲ್ಲಿ ಬಂದಿತು. ಎಲ್ಲದರ ಸರಾಸರಿಯನ್ನು ತೆಗೆದರೆ, ಯಾವ ಎತ್ತರದಲ್ಲಿ ಎಷ್ಟು ಮೋಡವಿತ್ತೆಂಬುದು ವೀಕ್ಷಣೆಗೆ ಚೆನ್ನಾಗಿಯೇ ಹೊಂದುತ್ತಿತ್ತು. ನೆಲಕ್ಕೆ ಬಿದ್ದ ಮಳೆಯ ವಿಷಯದಲ್ಲಿ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಬಹಳ ಅಂತರ. ಹನ್ನೆರಡು ಮಂದಿ ಹನ್ನೆರಡು ಬಗೆಯಾಗಿ ಹೇಳಿದ ಸಾಕ್ಷ್ಯದ ಸರಾಸರಿಯನ್ನು ಸತ್ಯವೆಂದು ಅಂಗೀಕರಿಸುವ ನ್ಯಾಯಸ್ಥಾನವುಂಟೆ? 2020ರ ಜನವರಿ, ಫೆಬ್ರವರಿಗಳಲ್ಲಿ ಬಾರ್ಬಡೋಸಿನ ಬಳಿ ನಡೆದ ವೀಕ್ಷಣೆಯ ಕ್ರಮವೇ ನನಗೆ ಹೆಚ್ಚು ಮೆಚ್ಚಾಗುತ್ತದೆ: ಗಾಳಿಯ ಮಿಶ್ರಣವು ಹೆಚ್ಚಿದಷ್ಟೂ ಬುಡದ ಮೋಡವು ಒಣಗುವುದೆಂದು ಅನೇಕ ಹವಾಮಾನ ಪ್ರತಿಮಾನಗಳು ನಂಬಿದ್ದ ಸಂಬಂಧವನ್ನೇ ಹಿಡಿದು ಪರೀಕ್ಷಿಸಿ, ಆಕಾಶವು ಹಾಗೆ ವರ್ತಿಸುವುದಿಲ್ಲವೆಂದು ಅದು ತೋರಿಸಿಕೊಟ್ಟಿತು.

ವೀಕ್ಷಣೆಯೇನೂ ನಿರ್ದೋಷಿಯಲ್ಲ. ಹೊಳೆಯ ದಂಡೆಯಲ್ಲಿ ಕುಳಿತು ಕೊಂಡಜ್ಜಿಯ ಗುಡ್ಡದ ಕಡೆಗೆ ದೃಷ್ಟಿಯನ್ನು ಚಾಚಿದರೆ ದಿಗಂತವೆಲ್ಲ ಮೋಡದಿಂದ ಇಡಿಕಿರಿದಂತೆ ತೋರುತ್ತದೆ. ತಲೆಯೆತ್ತಿ ನೆತ್ತಿಯ ಮೇಲೆ ನೋಡಿದರೆ ನೀಲಿಯೇ ಹೆಚ್ಚು. ಓರೆಯಾಗಿ ನೋಡುವ ಕಣ್ಣಿಗೆ ಮೋಡಗಳ ಪಕ್ಕೆಗಳೂ ಕಾಣಿಸಿ, ಒಂದರ ಹಿಂದೊಂದು ಸೇರಿ, ನಡುವಣ ಕಿಂಡಿಗಳು ಮುಚ್ಚಿಹೋಗುತ್ತವೆ. ಮೇಲಿನಿಂದ ನೇರವಾಗಿ ಎಣಿಸಿದ ಗಣಕದ ಮೋಡವನ್ನು ಇಂಥ ನೋಟದೊಡನೆ ಹಾಗೆಯೇ ತೂಗುವುದು ಸೇರನ್ನೂ ಮೊಳವನ್ನೂ ಹೋಲಿಸಿದಂತೆ. ಅನುಕೃತಿಯ ಮೋಡವನ್ನೂ ಅದೇ ಓರೆಗಣ್ಣಿನಿಂದ ನೋಡಿಸಿದ ಮೇಲೆಯೇ ತೀರ್ಪು ಸಾಧು.

ಇನ್ನು, ಪ್ರಮಾಣವೆನಿಸಿಕೊಂಡ ನಿದರ್ಶನಗಳಲ್ಲಿ ಹಲವು ಸಮುದ್ರದ ಮೇಲಿನವು. ಅಲ್ಲಿ ಮೋಡದ ಬುಡವು ಸುಮಾರು 500, 600 ಮೀಟರಿನಲ್ಲಿಯೇ ಇರುತ್ತದೆ. ಗಾಳಿಯ ಉಷ್ಣತೆಗೂ ಇಬ್ಬನಿಬಿಂದುವಿಗೂ ಇರುವ ಅಂತರದ ಪ್ರತಿಯೊಂದು ಡಿಗ್ರಿಗೆ ಸುಮಾರು 125 ಮೀಟರಿನಂತೆ ಬುಡವು ಮೇಲೇರುವುದರಿಂದ, ಉಷ್ಣತೆ 32 ಡಿಗ್ರಿ, ಇಬ್ಬನಿಬಿಂದು 20 ಡಿಗ್ರಿ ಇರುವ ಒಳನಾಡಿನ ಮಧ್ಯಾಹ್ನದಲ್ಲಿ ಅದು ನೆಲದಿಂದ 1500 ಮೀಟರಿಗೆ ಹೋಗಿ ನಿಲ್ಲುತ್ತದೆ. ಹನಿಯೊಂದು ಜಾರಿದರೂ ಅಷ್ಟು ದೂರದ ಒಣಗಾಳಿಯನ್ನು ದಾಟಿ ನೆಲ ಮುಟ್ಟಬೇಕು. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯವರು ಮಳೆನೆರಳಿನ ಸೊಲ್ಲಾಪುರದಲ್ಲಿ ವಿಮಾನವನ್ನೂ ನೆಲದ ಉಪಕರಣಗಳನ್ನೂ ನಿಯೋಜಿಸಿ ವೀಕ್ಷಣೆ ನಡೆಸಿದ್ದು ಈ ಕಾರಣದಿಂದಲೇ ನಮಗೆ ಅಮೂಲ್ಯವಾದುದು. ಆದರೆ ನಮ್ಮ ಜಿಲ್ಲೆಯ ನೆಲವೂ ಒಂದೇ ತೆರನಲ್ಲ. ಭದ್ರಾ ನಾಲೆಯ ನೀರು ನಿಂತ ಹರಿಹರದ ಗದ್ದೆಗಳ ಮೇಲೆ ಬಿಸಿಲಿನ ಬಹುಪಾಲು ನೀರನ್ನು ಆವಿಯಾಗಿಸುವುದರಲ್ಲಿ ವ್ಯಯವಾದರೆ, ಜಗಳೂರಿನ ಒಣಹೊಲಗಳ ಮೇಲೆ ಅದು ಗಾಳಿಯನ್ನು ನೇರವಾಗಿ ಕಾಯಿಸುತ್ತದೆ. ಈ ಎರಡು ನೆಲಗಳ ಮೇಲೆ ಒಂದೇ ದಿನ, ಒಂದೇ ಹೊತ್ತಿನಲ್ಲಿ ಹುಟ್ಟುವ ಮೋಡಗಳ ಬುಡವನ್ನು ಅಳೆದು, ಅನುಕೃತಿಯು ಆ ಅಂತರವನ್ನು ತಾನಾಗಿಯೇ ತೋರಿಸುವುದೋ ಇಲ್ಲವೋ ಎಂದು ಕೇಳುವ ಪರೀಕ್ಷೆಯನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆ.