ಎರೆಮಣ್ಣನ್ನು ಹಿಡಿಯುವ ಗಾಲಿ

ಭಾರಿ ಅಶ್ವಶಕ್ತಿಯ ಸ್ಪೋರ್ಟ್ಸ್ ಕಾರು ಕೊಂಡವರು ಮೆದು ರಬ್ಬರಿನ ಟೈರು ಹುಡುಕುತ್ತಾರೆ. ಡಾಂಬರನ್ನು ಕಚ್ಚದ ಟೈರಿದ್ದರೆ ಅಷ್ಟೂ ಶಕ್ತಿ ಹೊಗೆಯಾಗಿ ಹೋಗುತ್ತದೆ. ಆದರೆ ಹಿಡಿತದ ನಿಜವಾದ ಪರೀಕ್ಷೆ ನೋಡಬೇಕೆಂದರೆ ಮಳೆ ಬಿದ್ದ ಮೇಲೆ ತಾಂಡೂರಿನ ಹತ್ತಿರದ ಕರಣಕೋಟದ ಕಡೆ ಬರಬೇಕು. ಸಿಮೆಂಟ್ ಕಾರ್ಖಾನೆಯ ಊರು, ಸುತ್ತ ತೊಗರಿ ಬೆಳೆಯುವ ಎರೆಭೂಮಿ. ಅಲ್ಲಿ ಐವತ್ತು ಅಶ್ವಶಕ್ತಿಯ ಟ್ರ್ಯಾಕ್ಟರಿನ ಹಿಂದಿನ ಗಾಲಿ ಮಾಡುವ ಕೆಲಸ ನನಗೆ ಇಂದಿಗೂ ಬೆರಗು.

ರಬ್ಬರಿನ ಅಂಟು ಇಲ್ಲಿ ಉಪಯೋಗಕ್ಕೆ ಬಾರದು. ಓರೆಯಾಗಿ ಜೋಡಿಸಿದ ದಪ್ಪ ಪಟ್ಟಿಗಳು ಮಣ್ಣಿನೊಳಗೆ ಇಳಿದು, ಆ ಮಣ್ಣನ್ನೇ ಆಧಾರವಾಗಿಸಿಕೊಂಡು ತಳ್ಳುತ್ತವೆ. ಪಟ್ಟಿಯ ನಡುಭಾಗ ಮೊದಲು ನೆಲ ಮುಟ್ಟುತ್ತದೆ, ಅಂಚು ಆಮೇಲೆ. ಹಾಗಾಗಿ ಕೆಸರು ಹೊರಕ್ಕೆ ಜಾರಿ ಬೀಳುತ್ತದೆ. ಎಂಥ ಚೆಂದದ ಯೋಚನೆ! ಟೈರನ್ನು ತಿರುವುಮುರುವಾಗಿ ಕೂರಿಸಿದರೆ ಅದೇ ಕೆಸರು ಒಳಗೆ ಕಚ್ಚಿಕೊಂಡು ಗಾಲಿ ನುಣ್ಣಗಿನ ಉಂಡೆಯಾಗುತ್ತದೆ.

ಹೊಲದಲ್ಲಿ ಗಾಳಿ ಕಡಿಮೆಯಿದ್ದರೆ ಟೈರು ಅಗಲವಾಗಿ ಕೂರುತ್ತದೆ. ಭಾರ ಸಾಲದಿದ್ದರೆ ಟ್ಯೂಬಿನ ಮುಕ್ಕಾಲು ಭಾಗದವರೆಗೆ ನೀರು ತುಂಬುವುದೂ ಉಂಟು. ಕೊಂಚ ಜಾರುವಿಕೆ ಇರಲೇಬೇಕು, ಶೇ. 10ರಿಂದ 15ರಷ್ಟು ಜಾರಿದಾಗಲೇ ಎಳೆತ ಚೆನ್ನಾಗಿರುತ್ತದೆ.

ಜಹೀರಾಬಾದಿನಲ್ಲಿ 2013ರಿಂದ ಮಹೀಂದ್ರ ಟ್ರ್ಯಾಕ್ಟರುಗಳೇ ತಯಾರಾಗುತ್ತಿವೆ. ಕೊಳ್ಳುವವರು ಎಂಜಿನ್ನನ್ನು ಕೇಳಿದಷ್ಟೇ ಆಸ್ಥೆಯಿಂದ ಟೈರನ್ನೂ ಕೇಳಬೇಕು. ಗದ್ದೆಯ ಕೆಸರಿಗೆ ಆಳದ ಪಟ್ಟಿ ಸರಿ. ತಾಂಡೂರಿನ ಹಾಸುಗಲ್ಲು ಹೇರಿಕೊಂಡು ಡಾಂಬರಿನ ಮೇಲೆಯೇ ಓಡುವ ಗಾಡಿಗೆ ಅದು ಬೇಡ, ಬೇಗ ಸವೆದುಹೋಗುತ್ತದೆ.