ಮುಳ್ಳು ಬಲ್ಲವರ ಕೈ

ಸೂಡಿಯ ಜೋಡುಕಳಸದ ಗುಡಿ ಇರುವ ಸೀಮೆಯಲ್ಲೇ, ರೋಣದಲ್ಲಿ, 1922ರಲ್ಲಿ ಗಾಯಕ ಭೀಮಸೇನ ಜೋಶಿ ಹುಟ್ಟಿದ್ದು. ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿಯೇ ಆ ಹುಡುಗ ಗುರುವನ್ನು ಅರಸಿ ಮನೆ ಬಿಟ್ಟ. ಅಂಥ ರೆಕಾರ್ಡುಗಳನ್ನು ಜೋಪಾನ ಮಾಡಿದವರಿಗೆ, ಹಳೆಯ ಪ್ಲೇಯರನ್ನು ನಂಬಿ ಒಪ್ಪಿಸಬಲ್ಲ ಕೈಯೊಂದು ಬೇಕೇಬೇಕು.

ಒಳ್ಳೆಯ ರಿಪೇರಿಯವರು ಬಿಚ್ಚುವ ಮೊದಲು ಹಾಡಿಸಿ ಕೇಳುತ್ತಾರೆ. ಆಮೇಲೆ 180 ಗೆರೆಗಳ ಬಿಲ್ಲೆಯನ್ನು ತಿರುಗುವ ತಟ್ಟೆಯ ಮೇಲಿಟ್ಟು, ಚೋಕ್ ಇರುವ ಹಳೇ ಟ್ಯೂಬ್‌ಲೈಟಿನಡಿ ನೋಡುತ್ತಾರೆ. ನಮ್ಮ 50 ಹರ್ಟ್ಸ್ ಕರೆಂಟಿನ ಆ ಬೆಳಕಲ್ಲಿ ಗೆರೆಗಳು ನಿಂತಂತೆ ಕಂಡರೆ ವೇಗ ನಿಮಿಷಕ್ಕೆ 33⅓ ಸುತ್ತು, ಅಂದರೆ ಎಲ್‌ಪಿಗೆ ಸರಿ. ಶೇ. 6ರಷ್ಟು ಹೆಚ್ಚಿದರೂ ಷಡ್ಜವೇ ಕೋಮಲ ರಿಷಭದ ಜಾಗಕ್ಕೆ ಏರಿಬಿಡುತ್ತದೆ. ಗವಾಯಿಗಳ ನಾಡಿನ ಕಿವಿ ಅದನ್ನು ಒಪ್ಪದು. ಕಾರಣ ಬಹಳ ಸಲ ಸಣ್ಣದೇ: ಸಡಿಲಾದ ಬೆಲ್ಟು, ಗಟ್ಟಿಯಾದ ರಬ್ಬರ್ ಚಕ್ರ, ಒಣಗಿದ ಎಣ್ಣೆ.

ಮುಳ್ಳಿನ ವಿಷಯದಲ್ಲಿ ನಾನು ಹಟಮಾರಿ. ನಿಮಿಷಕ್ಕೆ 78 ಸುತ್ತಿನ ಹಳೇ ರೆಕಾರ್ಡಿನ ಗೀರು ಅಗಲ. ಅದಕ್ಕೆ ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ ತುದಿ ಬೇಕು. ದುಬಾರಿ ಕಾರ್ಟ್ರಿಜ್ ತೋರಿಸುವ ಮುನ್ನ, “ನಿಮ್ಮ ಕಡೆ ಎಂಥಾ ರೆಕಾರ್ಡ್ ಅದಾವ್ರಿ?” ಎಂದು ವಿಚಾರಿಸುವವರಿಗೇ ನನ್ನ ಪ್ಲೇಯರ್ ಕೊಡುತ್ತೇನೆ.