ಚರಿತ್ರೆ ಬರೆದ ಕೈಯೂ ಬಂದೂಕು ಹಿಡಿದ ಕೈಯೂ

'ಮೇಕಿಂಗ್ ಹಿಸ್ಟರಿ' ಎಂಬ ಹೆಸರಿಗೆ ಎರಡು ಅರ್ಥವುಂಟು. ಚರಿತ್ರೆಯನ್ನು ಬರೆದು ಕಟ್ಟುವುದು ಒಂದು. ಚರಿತ್ರೆಯನ್ನೇ ನಡೆಸುವುದು ಇನ್ನೊಂದು. ಕರ್ನಾಟಕದ ಜನರ ಗತಕಾಲವನ್ನು ಕುರಿತು ಈ ಹೆಸರಿನ ಎರಡು ಸಂಪುಟಗಳನ್ನು 'ಸಾಕಿ' ಎಂಬ ಅಂಕಿತದಲ್ಲಿ ಇಂಗ್ಲಿಷಿನಲ್ಲಿ ಬರೆದ ಸಾಕೇತ್ ರಾಜನ್ ಅವರು ಎರಡನ್ನೂ ಮಾಡಬಯಸಿದವರು. ಮೊದಲ ಸಂಪುಟ 1998ರಲ್ಲಿ ಬಂತು, ಎರಡನೆಯದು 2004ರಲ್ಲಿ. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲಿ, ನಕ್ಸಲೀಯರ ನಾಯಕರಾಗಿ, ಅವರು ಪೊಲೀಸರ ಗುಂಡಿಗೆ ಬಲಿಯಾದರು. ಒಂದು ವಾರ ತುಂಬುವ ಮೊದಲೇ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ, ಶಾಲೆಯ ಕಟ್ಟಡದಲ್ಲಿ ಬೀಡುಬಿಟ್ಟಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲೀಯರು ರಾತ್ರಿ ಎರಗಿದರು. ಹಲವು ಪೊಲೀಸರೂ ಒಬ್ಬ ನಾಗರಿಕನೂ ಹತರಾದರು. ನಾಯಕನ ಸಾವಿಗೆ ಇದು ಪ್ರತೀಕಾರವೆಂದೇ ಜನ ತಿಳಿದರು.

ಓದಿದವನು, ತಿಳಿದವನು, ಬಂದೂಕು ಹಿಡಿಯುವುದೇಕೆ? ಬಡತನವೆಂಬುದು ಮೊದಲು ಹೊಳೆಯುವ ಉತ್ತರ. ಪಾವಗಡವನ್ನು ಬಲ್ಲವರು ಈ ಉತ್ತರವನ್ನು ಒಪ್ಪಲಾರರು. ಮೂರು ಕಡೆ ಆಂಧ್ರದ ನೆಲ, ಕೈಕೊಡುವ ಮಳೆ, ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರು, ಒಣಗಿದ ಕಡಲೆಕಾಯಿ ಹೊಲ—ಇಷ್ಟೆಲ್ಲ ಇದ್ದೂ ಅಲ್ಲಿನ ಬಡವನು ಮನೆಗೆ ಬೀಗ ಹಾಕಿ ಬೆಂಗಳೂರಿನ ಬಸ್ಸು ಹತ್ತಿದನೇ ಹೊರತು ಕಾಡಿಗೆ ಹೋಗಲಿಲ್ಲ. ಮಲೆನಾಡಿನಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ನೆಲೆ ತಪ್ಪುವ ಭಯ ಹೊಕ್ಕ ಮನೆಗಳಿಂದ ಹುಡುಗ ಹುಡುಗಿಯರು ಹೋದದ್ದುಂಟು. ಅವರ ಕಾರಣ ಕಣ್ಣೆದುರಿಗೇ ಇತ್ತು. ಸಾಕೇತ್ ರಾಜನ್ ಅವರ ಕಾರಣ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅವರು ಸೇನಾಧಿಕಾರಿಯ ಮಗ; ಮೈಸೂರಿನಲ್ಲಿ ಓದಿ, ದೆಹಲಿಯಲ್ಲಿ ಪತ್ರಿಕೋದ್ಯಮ ಕಲಿತವರು. ಅವರಿಂದ ಯಾರೂ ಏನನ್ನೂ ಕಿತ್ತುಕೊಂಡಿರಲಿಲ್ಲ. ಆದ್ದರಿಂದ ಕಾರಣವನ್ನು ಅವರ ಪುಸ್ತಕದಲ್ಲೇ ಹುಡುಕುವುದು ನ್ಯಾಯವೆಂದು ನನಗೆ ತೋರುತ್ತದೆ.

ಮೊದಲು ಪುಸ್ತಕದ ಹಿರಿಮೆ. ನಮ್ಮ ಸೀಮೆಯ ಚರಿತ್ರೆಯೆಂದರೆ ನಾವು ಓದಿಕೊಂಡು ಬಂದದ್ದೇನು? 1687ರಿಂದ ಮೊಗಲರ ಸುಬೆಯ ಕೇಂದ್ರವಾದ ಶಿರಾ, ಮಧುಗಿರಿಯ ಏಕಶಿಲೆಯ ಮೇಲಣ ಕೋಟೆ, ಕೊರಟಗೆರೆಯ ಪಾಳೆಯಗಾರರು, ಪಾವಗಡದ ದುರ್ಗ. ಆ ಬಂಡೆಯ ಮೇಲಕ್ಕೆ ಕಲ್ಲು ಹೊತ್ತವರು ಯಾರು, ಕೆರೆಯ ಮಣ್ಣು ತೆಗೆದವರು ಯಾರು, ಅವರು ತಿಂದದ್ದೇನು ಎಂದು ಶಾಸನವೂ ಹೇಳಲಿಲ್ಲ, ಪಠ್ಯಪುಸ್ತಕವೂ ಕೇಳಲಿಲ್ಲ. ಸಾಕಿಯವರು ಕೇಳಿದರು. ಶಿಲಾಯುಗದಿಂದ ಹೊರಟು ದುಡಿಮೆ, ಜಾತಿ, ತೆರಿಗೆ, ಭೂಮಿ ಇವುಗಳ ಮೂಲಕ ನಾಡನ್ನು ನೋಡಿದರು. ಎರಡನೆಯ ಸಂಪುಟದಲ್ಲಿ 1800ರಿಂದ 1857ರವರೆಗಿನ ಸಶಸ್ತ್ರ ಹೋರಾಟಗಳನ್ನು ಒಂದೇ ದಾರದಲ್ಲಿ ಪೋಣಿಸಿದರು. ಇದು ಸಣ್ಣ ಸಾಹಸವಲ್ಲ. ಹೆಸರಿಲ್ಲದವರಿಗೆ ಹೆಸರು ಕೊಡಬೇಕೆಂಬ ಹಟ ಆ ಬರವಣಿಗೆಯ ಜೀವ.

ಕೊರತೆಯಿರುವುದೂ ಅಲ್ಲಿಯೇ. ಈ ಗ್ರಂಥದಲ್ಲಿ 'ಜನ' ಎಂಬ ಪದ ಸದಾ ಎದ್ದು ನಿಂತಿರುತ್ತದೆ. ಆದರೆ ಆ ಜನ ಹಿಂಜರಿಯುವುದು, ಜಗಳವಾಡುವುದು, ರಾಜಿಯಾಗುವುದು ಕಂಡಾಗ ಲೇಖಕರಿಗೆ ಬೇಸರ ಬರುತ್ತದೆ. ಎಲ್ಲ ದಂಗೆಗಳೂ ಮುಂದೆ ಬರಲಿರುವ ಒಂದು ಮಹಾದಂಗೆಯ ತಾಲೀಮಿನಂತೆ ಕಾಣುತ್ತವೆ. ಕೊನೆಯ ಅಂಕ ಏನೆಂದು ಲೇಖಕರಿಗೆ ಮೊದಲೇ ಗೊತ್ತು. ಗೊತ್ತಿರುವವನಿಗೆ ಕಾಯುವುದು ಕಷ್ಟ.

ಮನಸ್ಸಿನ ಸೂಕ್ಷ್ಮ ಇಲ್ಲಿದೆ. ಹುಟ್ಟಿದ ವರ್ಗವನ್ನು ತೊರೆದು ಬಂದ ವಿಚಾರವಂತನಿಗೆ ಹಿಂದಕ್ಕೆ ಹೋಗಲು ಮನೆಯಿಲ್ಲ. ಮುಂದಿನ ಮನೆ ಇನ್ನೂ ತನ್ನದಾಗಿಲ್ಲ. ಹಳ್ಳಿಯವನು ಅವನನ್ನು ಗೌರವಿಸಿಯಾನು, ಒಂದು ಲೋಟ ಮಜ್ಜಿಗೆ ಕೊಟ್ಟಾನು. ತನ್ನವನೆಂದು ಒಪ್ಪಲು ಕಾಲ ಬೇಕು. ಪಹಣಿ ತಿದ್ದಿಸುವುದು, ಕೂಲಿಗಾಗಿ ವಾದಿಸುವುದು, ತಾಲ್ಲೂಕು ಕಚೇರಿಯ ಜಗುಲಿಯಲ್ಲಿ ದಿನವಿಡೀ ಕೂರುವುದು—ಆ ಕಾಲವನ್ನು ಗಳಿಸುವ ದಾರಿ ಇಂಥದು. ಅದು ನೀರಸ, ಅದರಲ್ಲಿ ಕೀರ್ತಿಯಿಲ್ಲ. ಬಂದೂಕು ಅದೇ ಫಲವನ್ನು ಒಂದೇ ರಾತ್ರಿಯಲ್ಲಿ ಕೊಡುವೆನೆನ್ನುತ್ತದೆ. ಪ್ರಾಣವನ್ನೇ ಪಣವಿಟ್ಟವನನ್ನು ಹೊರಗಿನವನೆಂದು ಯಾರು ಕರೆದಾರು? ಸುಖದಲ್ಲಿ ಹುಟ್ಟಿದ ಋಣವೂ ಅಲ್ಲಿಗೆ ತೀರಿದಂತೆ. ಬುದ್ಧಿ ಇಲ್ಲಿ ತಡೆಯಾಗುವುದರ ಬದಲು ವಕೀಲನಾಗಿ ನಿಲ್ಲುತ್ತದೆ.

ಕಾದಂಬರಿಕಾರರು ಇದನ್ನು ಬಲ್ಲರು. ರಹಸ್ಯ ಕೂಟಕ್ಕೆ ಸೇರಿದ್ದಕ್ಕಾಗಿ 1849ರಲ್ಲಿ ಮರಣದಂಡನೆಯ ತೀರ್ಪು ಕೇಳಿ, ಕೊನೆಗೆ ಸೈಬೀರಿಯಾ ಕಂಡುಬಂದ ದಾಸ್ತೋವ್‌ಸ್ಕಿ ತನ್ನ 'ದೆವ್ವಗಳು' ಕಾದಂಬರಿಯನ್ನು ಬರೆದದ್ದು, 1869ರಲ್ಲಿ ಮಾಸ್ಕೋದ ವಿದ್ಯಾರ್ಥಿಯೊಬ್ಬನನ್ನು ಅವನ ಸಂಗಾತಿಗಳೇ ಕೊಂದ ಪ್ರಕರಣವನ್ನು ಎದುರಿಗಿಟ್ಟುಕೊಂಡು. ನಮ್ಮಲ್ಲಿ ಅನಂತಮೂರ್ತಿಯವರ 'ಅವಸ್ಥೆ'ಯ ಅಣ್ಣಾಜಿ ಇದ್ದಾನೆ: ಕ್ರಾಂತಿಯ ಮಾತಿನವನು, ಒಂಟಿ, ತಲೆಮರೆಸಿಕೊಂಡವನು, ಪೊಲೀಸರ ಕೈಯಲ್ಲಿ ಸಾಯುವವನು. ಆದರೆ ಅವನಿಗೆ ದೇಹವಿದೆ, ದೌರ್ಬಲ್ಯವಿದೆ, ಆದ್ದರಿಂದ ನಂಬುತ್ತೇವೆ. ನಿರಂಜನರು 'ಚಿರಸ್ಮರಣೆ'ಯಲ್ಲಿ ಕಯ್ಯೂರಿನ ರೈತರನ್ನು ಎತ್ತಿ ಹಿಡಿದರು. ಅವರ ಪಕ್ಷಪಾತ ಸ್ಪಷ್ಟ. ಆದರೂ ಅಪ್ಪು, ಚಿರುಕಂಡರು ನಮಗೆ ಮೊದಲು ಮಕ್ಕಳಾಗಿ ಪರಿಚಯವಾಗುತ್ತಾರೆ, ಆಮೇಲೆ ಹೋರಾಟಗಾರರಾಗಿ. ಸಾಕಿಯವರ ಚರಿತ್ರೆಗೆ ದಕ್ಕದೆ ಹೋದದ್ದು ಈ ಕ್ರಮ.

ಇನ್ನೊಂದು ಹೋಲಿಕೆ ನಮ್ಮ ಮಗ್ಗುಲಲ್ಲೇ ಇದೆ. ಶಿರಾ ತಾಲ್ಲೂಕಿನ ಬರಗೂರಿನಿಂದ ಬಂದ ರಾಮಚಂದ್ರಪ್ಪನವರು 1979ರಲ್ಲಿ ಆರಂಭವಾದ ಬಂಡಾಯ ಸಾಹಿತ್ಯ ಸಂಘಟನೆಯ ಮುಂಚೂಣಿಯಲ್ಲಿ ನಿಂತವರು. ಕಾವ್ಯ ಖಡ್ಗವಾಗಲೆಂದು ಆ ಸಂಘಟನೆ ಸಾರಿತು; ಆದರೆ ಖಡ್ಗ ಕೊನೆಯವರೆಗೂ ರೂಪಕವಾಗಿಯೇ ಉಳಿಯಿತು. ಇದನ್ನು ಅಂಜಿಕೆಯೆಂದು ಹಳಿದವರುಂಟು. ನಾನು ಹಾಗೆ ಎಣಿಸೆನು. ಊರು ಯಾರೊಳಗೆ ಇದೆಯೋ ಅವರು ಊರಿಗೆ ತಮ್ಮನ್ನು ರುಜುವಾತುಪಡಿಸಬೇಕಾಗಿಲ್ಲ. ಸಿಟ್ಟಿಗೆ ಭಾಷೆ ಸಿಕ್ಕರೆ, ಆ ಭಾಷೆಗೆ ಕೇಳುವ ಕಿವಿ ಸಿಕ್ಕರೆ, ಬಂದೂಕಿನ ಅಂಗಡಿಗೆ ಗಿರಾಕಿ ಕಡಿಮೆಯಾಗುತ್ತಾನೆ. ಕಿವಿ ಕೊಡಬೇಕಾದ ಹೊಣೆ ಸರ್ಕಾರದ್ದು, ಸಮಾಜದ್ದು. ಅದನ್ನು ಮರೆತು ಕಾಡಿಗೆ ಹೋದವರನ್ನಷ್ಟೇ ಬೈಯುವುದು ಅರ್ಧ ವಿಮರ್ಶೆ.

ವೆಂಕಟಮ್ಮನಹಳ್ಳಿಯಲ್ಲಿ ಸತ್ತ ಪೊಲೀಸರು ಸಂಬಳಕ್ಕಾಗಿ ಪಹರೆ ನಿಂತವರು. ಕೋಟೆಗೆ ಕಲ್ಲು ಹೊತ್ತವನಂತೆಯೇ ಅವರೂ ಚರಿತ್ರೆಯ ಪುಟಕ್ಕೆ ಸಂಖ್ಯೆಯಾಗಿ ಮಾತ್ರ ಬಂದರು. ಹೆಸರಿಲ್ಲದವರ ಚರಿತ್ರೆ ಬರೆದವರ ಸಾವಿನ ಲೆಕ್ಕಕ್ಕೆ ಮತ್ತಷ್ಟು ಮಂದಿ ಹೆಸರಿಲ್ಲದವರು ಜಮೆಯಾದರು. ಈ ವಿರೋಧವನ್ನು ಆ ಪುಸ್ತಕದ ತರ್ಕ ಬಿಡಿಸಲಾರದು. ಅದರ ಎಣಿಕೆಯಲ್ಲಿ ಸಮವಸ್ತ್ರ ತೊಟ್ಟ ಬಡವನಿಗೆ ಜಾಗವೇ ಇಲ್ಲ.

2025ರ ಜನವರಿಯಲ್ಲಿ ಕರ್ನಾಟಕದ ಕಾಡಿನಲ್ಲಿ ಉಳಿದಿದ್ದವರ ಪೈಕಿ ಆರು ಮಂದಿ ಶರಣಾದರು. ಬಂದೂಕಿನ ಆ ಅಧ್ಯಾಯ ಬಹುಮಟ್ಟಿಗೆ ಮುಗಿದಿದೆ. ಎರಡು ಸಂಪುಟಗಳು ಉಳಿದಿವೆ. ವಾಚಕರು ಅವನ್ನು ಓದಬೇಕು, ಅದರಲ್ಲೂ ಮೊದಲನೆಯದನ್ನು. ಮಧುಗಿರಿಯ ಕೋಟೆಯನ್ನು ಕಟ್ಟಿದವರು ಯಾರೆಂಬ ಪ್ರಶ್ನೆ ಇನ್ನೂ ಉತ್ತರ ಕೇಳುತ್ತಿದೆ. ಅದನ್ನು ಬರೆಯುವ ಮುಂದಿನ ಕೈಗೆ ಸಾಕಿಯವರ ಹಟವೂ ಇರಲಿ, ಅವರಿಗೆ ಇಲ್ಲದಿದ್ದ ಸಂಶಯವೂ ಇರಲಿ.